ಗ್ಯಾಲಕ್ಸಿಯ ಪ್ರಭಾವಳಿ ಮತ್ತು ಪ್ಲೇಟಿನ ಕಲೆ

ಆಟಿ ತಿಂಗಳ ಮಳೆಗೆ ಉಡುಪಿಯ ನಮ್ಮ ಅಂಗಳ ಪಾಚಿ ಕಟ್ಟಿ ಜಾರುತ್ತದೆ. ಹೋದ ವರ್ಷ ದೊಡ್ಡಮ್ಮ ಬಾವಿಕಟ್ಟೆಯ ಹತ್ತಿರ ಜಾರಿ ಬಿದ್ದು ಮಣಿಕಟ್ಟು ಊದಿಸಿಕೊಂಡರು. ಎಕ್ಸ್‌ರೇ ತೆಗೆಸಿದೆವು. ಮೂಳೆ ಸರಿಯಾಗಿಯೇ ಇದ್ದಂತೆ ಕಾಣುತ್ತಿತ್ತು. ಆದರೆ ಹೆಬ್ಬೆರಳಿನ ಬುಡದಲ್ಲಿ ಕಡಲೆಕಾಳಿನಷ್ಟು ದೊಡ್ಡ ಬಿಳಿ ಕಲೆ. ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದರು, ತಿರುಗಿಸಿದರು, ಮತ್ತೆ ಹಿಡಿದರು. "ಇನ್ನೊಂದು ತೆಗೆಸಿ" ಎಂದರು. ದೊಡ್ಡಮ್ಮನ ಮುಖ ಬಾಡಿತು.

ಎಕ್ಸ್‌ರೇ ಕೋಣೆಯ ಹುಡುಗ ಚುರುಕು. ಇನ್ನೊಂದು ತೆಗೆಯುವ ಮೊದಲು, ನಮಗಿಂತ ಮುಂಚೆ ಬಂದಿದ್ದ ಯಾರದೋ ಮೊಣಕಾಲಿನ ಚಿತ್ರವನ್ನು ಕಂಪ್ಯೂಟರಿನಲ್ಲಿ ತೆರೆದ. ಅದೇ ಮೂಲೆಯಲ್ಲಿ ಅದೇ ಕಲೆ! ಅದು ಇದ್ದದ್ದು ಪ್ಲೇಟಿನಲ್ಲಿ.

ಬೆಂಚಿನಲ್ಲಿ ಕಾಯುವಾಗ ನಾನು ಮೊಬೈಲಿನಲ್ಲಿ ಏನೋ ಓದುತ್ತಿದ್ದೆ. "ಎಂತ ಅದು ಅಷ್ಟು ಓದುವುದು ಮಾರಾಯ?" ಎಂದು ಕೇಳಿದರು ದೊಡ್ಡಮ್ಮ. ಆಕಾಶದ ಎಕ್ಸ್‌ರೇ ತೆಗೆಯುವವರ ಬಗ್ಗೆ ಎಂದೆ. "ಆಕಾಶಕ್ಕೆ ಎಂತ ಆಗಿದೆ?" ಎಂದರು.

ಏನೂ ಆಗಿಲ್ಲ. ಆಸ್ಪತ್ರೆಯಲ್ಲಿ ಯಂತ್ರ ಕಿರಣ ಬಿಡುತ್ತದೆ, ಕೈ ಅದನ್ನು ಅಷ್ಟಿಷ್ಟು ತಡೆಯುತ್ತದೆ, ಪ್ಲೇಟಿನ ಮೇಲೆ ಬೀಳುವುದು ನೆರಳು. ಆಕಾಶದಲ್ಲಿ ಹಾಗೆ ಕಿರಣ ಬಿಡಲು ಯಾರೂ ಕೂತಿಲ್ಲ. ಅಲ್ಲಿರುವ ವಸ್ತುವೇ ವಿಪರೀತ ಕಾದು ತಾನಾಗಿ ಎಕ್ಸ್‌ರೇ ಚೆಲ್ಲುತ್ತದೆ. (ಇದಕ್ಕೊಂದು ಅಪವಾದ ಇದೆ, ಆಮೇಲೆ ಹೇಳುತ್ತೇನೆ.) ಕಮ್ಮಾರನ ಕುಲುಮೆಯಲ್ಲಿ ಕಬ್ಬಿಣ ಮೊದಲು ಕೆಂಪಾಗುತ್ತದೆ, ಇನ್ನೂ ಕಾದರೆ ಹಳದಿ, ಮತ್ತೂ ಕಾದರೆ ಬಿಳಿ. ಹೀಗೆ ಬಿಸಿ ಏರಿಸುತ್ತಾ ಹತ್ತು ಲಕ್ಷ ಡಿಗ್ರಿಗೆ ಮುಟ್ಟಿದರೆ, ಕಣ್ಣಿಗೆ ಕಾಣುವ ಬಣ್ಣಗಳೆಲ್ಲ ದಾಟಿ ಎಕ್ಸ್‌ರೇ ಬರುತ್ತದೆ. ಅಷ್ಟು ಬಿಸಿಯಾದ ಅನಿಲ ನಮ್ಮ ಆಕಾಶಗಂಗೆಯಂಥ ಗ್ಯಾಲಕ್ಸಿಗಳ ಸುತ್ತ ಇರಬೇಕು ಎಂಬುದು ಖಗೋಳ ವಿಜ್ಞಾನಿಗಳ ಹಳೆಯ ಲೆಕ್ಕ. ಅದನ್ನು ಕಣ್ಣಾರೆ ಹಿಡಿಯುವುದು ಮಾತ್ರ ಬಹಳ ಕಷ್ಟದ ಕೆಲಸ. ಯಾಕೆ ಎನ್ನುವುದೇ ಇಲ್ಲಿನ ಕಥೆ.

ಮೊದಲು ಅಳತೆ. ಆಕಾಶಗಂಗೆ ತಟ್ಟೆಯ ಆಕಾರದ ಗ್ಯಾಲಕ್ಸಿ. ಅಡ್ಡಗಲ ಸುಮಾರು 1 ಲಕ್ಷ ಜ್ಯೋತಿರ್ವರ್ಷ, ದಪ್ಪ ಸಾವಿರದ ಆಸುಪಾಸು. ಅಂದರೆ ನೂರಕ್ಕೆ ಒಂದರಷ್ಟು. 30 ಸೆಂಟಿಮೀಟರ್ ಅಗಲದ ನೀರ್‌ದೋಸೆ 3 ಮಿಲಿಮೀಟರ್ ದಪ್ಪ ಇದ್ದ ಹಾಗೆ. ಕಾವಲಿ ಮೇಲಿನ ಆ ದೋಸೆಯಲ್ಲಿ ಸೂರ್ಯನೂ ನಾವೂ ಕಣ್ಣಿಗೆ ಕಾಣುವ ನಕ್ಷತ್ರಗಳೂ ಎಲ್ಲವೂ ಬಂದವು. ಬಿಸಿ ಅನಿಲದ ಪ್ರಭಾವಳಿ ಹರಡಿರುವುದು ಅದರ ಹತ್ತು-ಹದಿನೈದು ಪಟ್ಟು ಅಗಲಕ್ಕೆ. ದೋಸೆ ಕಾವಲಿ ಮೇಲೆ, ಆವಿ ಇಡೀ ಅಡುಗೆಮನೆಯ ತುಂಬ.

ತುಂಬ ಎಂದೆನಲ್ಲ, ಅದನ್ನು ಸ್ವಲ್ಪ ಸರಿಪಡಿಸಬೇಕು. ಈ ಅನಿಲ ಎಷ್ಟು ತೆಳು ಎಂದರೆ ಬಾವಿಯಿಂದ ನೀರು ಸೇದುವ ಒಂದು ಕೊಡಪಾನದಷ್ಟು ಜಾಗದಲ್ಲಿ ಒಂದೆರಡು ಕಣ ಸಿಕ್ಕರೆ ಹೆಚ್ಚು. ನಾವು ಉಸಿರಾಡುವ ಗಾಳಿಯಲ್ಲಿ ಒಂದು ಸಕ್ಕರೆ ಗಟ್ಟಿಯಷ್ಟು ಜಾಗದಲ್ಲೇ ಲಕ್ಷಗಟ್ಟಲೆ ಕೋಟಿ ಕೋಟಿ ಅಣುಗಳಿರುತ್ತವೆ. ಹಾಗಾದರೆ ಹತ್ತು ಲಕ್ಷ ಡಿಗ್ರಿ ಎಂದರೆ ಏನು ಅರ್ಥ? ದೀಪಾವಳಿಯ ಸುರ್‌ಸುರ್ ಬತ್ತಿಯ ಕಿಡಿ ನೆನಪಿಸಿಕೊಳ್ಳಿ. ಕಿಡಿಯ ಬಿಸಿ ಸಾವಿರ ಡಿಗ್ರಿ ಹತ್ತಿರ. ಕೈಗೆ ಸಿಡಿದರೆ ಚುರ್ ಎಂದು ಮುಗಿಯಿತು. ನೂರು ಡಿಗ್ರಿಯೂ ಇಲ್ಲದ ಗಂಜಿ ಚೆಲ್ಲಿದರೆ ಬೊಬ್ಬೆ ಏಳುತ್ತದೆ. ಉಷ್ಣತೆ ಎಂದರೆ ಒಂದೊಂದು ಕಣ ಎಷ್ಟು ಜೋರಾಗಿ ಓಡುತ್ತಿದೆ ಎಂಬ ಲೆಕ್ಕ. ಸುಡಬೇಕಾದರೆ ಅಂಥ ಕಣಗಳು ಬೇಕಾದಷ್ಟು ಇರಬೇಕು. ಪ್ರಭಾವಳಿಯೊಳಗೆ ಕೈ ಚಾಚಿದರೆ ಬಿಸಿ ಗೊತ್ತೂ ಆಗುವುದಿಲ್ಲ.

ಇಂಥದ್ದೊಂದು ಇದೆ ಎಂದು ಮೊದಲು ಊಹಿಸಿದವರು ಅಮೆರಿಕದ ಖಗೋಳ ವಿಜ್ಞಾನಿ ಲೈಮನ್ ಸ್ಪಿಟ್ಜರ್, 1956ರಲ್ಲಿ. ಆಗ ಎಕ್ಸ್‌ರೇ ಟೆಲಿಸ್ಕೋಪ್ ಒಂದೂ ಇರಲಿಲ್ಲ. ಅವರ ತರ್ಕ ನನಗೆ ತುಂಬ ಇಷ್ಟ. ತಟ್ಟೆಯಿಂದ ಬಹಳ ಮೇಲೆ ತಣ್ಣನೆಯ ಅನಿಲದ ಮೋಡಗಳು ಕಂಡಿದ್ದವು. ಸುತ್ತ ಬರೀ ಖಾಲಿ ಇದ್ದಿದ್ದರೆ ಅವು ಹಿಗ್ಗಿ ಚದುರಿ ಹೋಗಬೇಕಿತ್ತು. ಹೋಗಿಲ್ಲ. ಹಾಗಾದರೆ ಹೊರಗಿನಿಂದ ಏನೋ ಒತ್ತಿ ಹಿಡಿದಿದೆ. ಅದು ಕಣ್ಣಿಗೆ ಕಾಣುತ್ತಿಲ್ಲ, ಆದ್ದರಿಂದ ತೆಳುವಾಗಿರಬೇಕು. ತೆಳುವಾಗಿದ್ದೂ ಒತ್ತಬೇಕಾದರೆ ವಿಪರೀತ ಬಿಸಿ ಇರಬೇಕು. ಅವರಿಗೆ ಸಿಕ್ಕ ಉತ್ತರ ಸುಮಾರು 10 ಲಕ್ಷ ಡಿಗ್ರಿ. ಮೋಡ ಚದುರಲಿಲ್ಲ ಎಂಬುದೊಂದರಿಂದ ಇಷ್ಟು ದೂರ ಹೋದರು!

ಬಿಸಿ ಎಲ್ಲಿಂದ ಬಂತು? ಗ್ಯಾಲಕ್ಸಿಯ ಗುರುತ್ವ ಹೊರಗಿನ ಅನಿಲವನ್ನು ಎಳೆಯುತ್ತದೆ. ಆಕಾಶಗಂಗೆಯಂಥದ್ದರ ಕಡೆಗೆ ಬೀಳುವ ಅನಿಲದ ವೇಗ ಸೆಕೆಂಡಿಗೆ 200 ಕಿಲೋಮೀಟರ್‌ನಷ್ಟು ಆಗುತ್ತದೆ. ಒಂದು ಸೆಕೆಂಡಿನಲ್ಲಿ ಮಂಗಳೂರಿಂದ ಉಡುಪಿಗೆ ಮೂರು ಟ್ರಿಪ್! ನಮ್ಮ ಎಕ್ಸ್‌ಪ್ರೆಸ್ ಬಸ್ಸಿನ ಡ್ರೈವರ್‌ಗಳೂ ಕೈಮುಗಿಯಬೇಕು. ಅಷ್ಟು ರಭಸದಲ್ಲಿ ಬಂದದ್ದು ಮೊದಲೇ ಅಲ್ಲಿದ್ದ ಅನಿಲಕ್ಕೆ ಡಿಕ್ಕಿ ಹೊಡೆದು ನಿಂತಾಗ ವೇಗವೆಲ್ಲ ಬಿಸಿಯಾಗುತ್ತದೆ. ಲೆಕ್ಕ ಹಾಕಿದರೆ ಹತ್ತು-ಇಪ್ಪತ್ತು ಲಕ್ಷ ಡಿಗ್ರಿ. ಗ್ಯಾಲಕ್ಸಿ ಭಾರವಾದಷ್ಟೂ ಬೀಳುವ ವೇಗ ಜಾಸ್ತಿ, ಬಿಸಿಯೂ ಜಾಸ್ತಿ.

ಇದೆಲ್ಲ ಇದ್ದರೆಷ್ಟು ಬಿಟ್ಟರೆಷ್ಟು ಎನ್ನಬೇಡಿ. ಆಕಾಶಗಂಗೆಯಲ್ಲಿ ವರ್ಷಕ್ಕೆ ಒಂದೆರಡು ಸೂರ್ಯನಷ್ಟು ಅನಿಲ ಹೊಸ ನಕ್ಷತ್ರಗಳಾಗಿ ಖರ್ಚಾಗುತ್ತಿದೆ. ತಟ್ಟೆಯಲ್ಲಿ ಈಗಿರುವ ತಣ್ಣನೆಯ ಅನಿಲ ಈ ಖರ್ಚಿಗೆ ಕೆಲವು ನೂರು ಕೋಟಿ ವರ್ಷಕ್ಕೆ ಸಾಕು. ಗ್ಯಾಲಕ್ಸಿಗೆ ವಯಸ್ಸಾಗಿರುವುದು ಸಾವಿರ ಕೋಟಿ ವರ್ಷಕ್ಕೂ ಮೇಲೆ. ಅಂದರೆ ಎಲ್ಲಿಂದಲೋ ದಿನಸಿ ಬರುತ್ತಲೇ ಇದೆ. ಇನ್ನೊಂದು ಲೆಕ್ಕವೂ ತಾಳೆಯಾಗುವುದಿಲ್ಲ. ವಿಶ್ವದ ಒಟ್ಟು ದ್ರವ್ಯದಲ್ಲಿ ನಮ್ಮ ನಿಮ್ಮಂಥ ಮಾಮೂಲಿ ದ್ರವ್ಯ ಆರರಲ್ಲಿ ಒಂದು ಪಾಲು, ಉಳಿದದ್ದು ಕಪ್ಪು ದ್ರವ್ಯ. ಆದರೆ ಒಂದು ಗ್ಯಾಲಕ್ಸಿಯ ನಕ್ಷತ್ರ, ತಣ್ಣನೆಯ ಅನಿಲ ಎಲ್ಲ ಕೂಡಿಸಿದರೂ ಅದರ ಪಾಲಿಗೆ ಬರಬೇಕಾದ ಮಾಮೂಲಿ ದ್ರವ್ಯದ ಅರ್ಧವೂ ಸಿಗುವುದಿಲ್ಲ. ಉಳಿದದ್ದು ಪ್ರಭಾವಳಿಯಲ್ಲಿ ಅಡಗಿದೆಯೋ ಅಥವಾ ಗ್ಯಾಲಕ್ಸಿ ಅದನ್ನು ಎಂದೋ ಹೊರಗೆ ಎಸೆದುಬಿಟ್ಟಿದೆಯೋ? ಉಗ್ರಾಣದ ಬಾಗಿಲು ತೆರೆದು ನೋಡದೆ ಹೇಳಲಾಗದು.

ಬಾಗಿಲು ತೆರೆಯಲು ಎಕ್ಸ್‌ರೇ ಕಣ್ಣು ಬೇಕು. ಜೂನ್‌ನಿಂದ ಸೆಪ್ಟೆಂಬರ್ ತನಕ ಕರಾವಳಿಯಲ್ಲಿ ಆಕಾಶ ಎಂಬುದೇ ಇರುವುದಿಲ್ಲ ಅಂತ ನಾವು ಗೊಣಗುತ್ತೇವೆ. ಎಕ್ಸ್‌ರೇ ಮಟ್ಟಿಗೆ ವರ್ಷಪೂರ್ತಿ ಅದೇ ಪಾಡು. ಭೂಮಿಯ ವಾತಾವರಣ ಅದನ್ನು ಪೂರ್ತಿ ಹೀರಿಬಿಡುತ್ತದೆ (ನಮ್ಮ ಪುಣ್ಯ). ಆದ್ದರಿಂದ ಟೆಲಿಸ್ಕೋಪನ್ನು ಮೇಲಕ್ಕೆ ಕಳಿಸಬೇಕು. ಈ ಹುಚ್ಚು ನಮ್ಮ ಊರಿನವರಿಗೂ ಹೊಸದಲ್ಲ. ಉಡುಪಿ ಹತ್ತಿರದ ಅದಮಾರಿನಲ್ಲಿ 1932ರಲ್ಲಿ ಹುಟ್ಟಿದ ಯು. ಆರ್. ರಾವ್ ಅವರ ಮುಂದಾಳತ್ವದಲ್ಲಿ ತಯಾರಾಗಿ 1975ರ ಏಪ್ರಿಲ್ 19ರಂದು ಹಾರಿದ ಆರ್ಯಭಟ ಉಪಗ್ರಹದಲ್ಲಿದ್ದ ಮೂರು ಪ್ರಯೋಗಗಳಲ್ಲಿ ಒಂದು ಎಕ್ಸ್‌ರೇ ಖಗೋಳದ್ದೇ. ಕರೆಂಟಿನ ತೊಂದರೆಯಿಂದ ಕೆಲವೇ ದಿನಕ್ಕೆ ಆ ಪ್ರಯೋಗಗಳು ನಿಂತವು. ಪಾಠಪುಸ್ತಕಗಳಲ್ಲಿ ಆರ್ಯಭಟ ಎಂದರೆ 'ಮೊದಲ ಉಪಗ್ರಹ' ಅಂತಷ್ಟೇ ಇರುತ್ತದೆ, ಒಳಗೇನಿತ್ತು ಎಂದು ಯಾರೂ ಹೇಳುವುದಿಲ್ಲ.

ಎಕ್ಸ್‌ರೇಗೆ ಮಾಮೂಲಿ ಕನ್ನಡಿ ಆಗುವುದಿಲ್ಲ. ನೇರವಾಗಿ ಬಿದ್ದರೆ ಒಳಗೆ ನುಗ್ಗಿ ಹೋಗುತ್ತದೆ. ಚಿಕ್ಕಂದಿನಲ್ಲಿ ಒಡೆದ ಮಂಗಳೂರು ಹಂಚಿನ ಚೂರು ಹಿಡಿದು ಹೊಳೆ ನೀರಿನ ಮೇಲೆ ಎಸೆದಿದ್ದೀರಲ್ವಾ? ಮೇಲಿಂದ ಹಾಕಿದರೆ ಬುಳುಕ್ ಎಂದು ಮುಳುಗುತ್ತದೆ. ಬಗ್ಗಿ, ನೀರಿಗೆ ತಾಗಿಯೂ ತಾಗದ ಹಾಗೆ ಬೀಸಿದರೆ ನಾಲ್ಕೈದು ನೆಗೆತ. ಎಕ್ಸ್‌ರೇ ಕನ್ನಡಿಯೂ ಇದೇ ಉಪಾಯ. ಕಿರಣಕ್ಕೆ ಹೆಚ್ಚುಕಮ್ಮಿ ಸಮಾನಾಂತರವಾಗಿ ಕನ್ನಡಿಯನ್ನು ಕೊಳವೆಯಂತೆ ನಿಲ್ಲಿಸುತ್ತಾರೆ, ಕಿರಣ ಸವರಿಕೊಂಡು ನೆಗೆದು ಒಂದು ಕಡೆ ಸೇರುತ್ತದೆ. ಒಂದೇ ಕೊಳವೆಗೆ ಬೀಳುವ ಕಿರಣ ತೀರ ಕಡಿಮೆ, ಅದಕ್ಕೆ ಒಂದರೊಳಗೊಂದು ಕೊಳವೆ. 1999ರ ಡಿಸೆಂಬರಿನಲ್ಲಿ ಹಾರಿದ ಯುರೋಪಿನ ಎಕ್ಸ್‌ಎಂಎಂ-ನ್ಯೂಟನ್‌ನಲ್ಲಿ ಮೂರು ಟೆಲಿಸ್ಕೋಪುಗಳಿವೆ, ಒಂದೊಂದರಲ್ಲೂ ಈರುಳ್ಳಿ ಪದರದಂತೆ 58 ಕನ್ನಡಿ. ಅದೇ ವರ್ಷದ ಜುಲೈನಲ್ಲಿ ಹಾರಿದ ನಾಸಾದ ಚಂದ್ರಾ, ಅಂದರೆ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರ ಹೆಸರು ಹೊತ್ತದ್ದು, ಕನ್ನಡಿ ಕಡಿಮೆಯಾದರೂ ನೋಟದಲ್ಲಿ ಬಹಳ ಚೂಪು.

ಸರಿ, ಟೆಲಿಸ್ಕೋಪ್ ಬಂತು. ಇನ್ನು ಕಾಣಬೇಕಲ್ಲ? ಇಲ್ಲೇ ಪೇಚಾಟ ಶುರು.

ಬಿಸಿ ಅನಿಲದಲ್ಲಿ ಎಕ್ಸ್‌ರೇ ಹುಟ್ಟುವುದು ಕಣಕ್ಕೆ ಕಣ ಎದುರಾದಾಗ. ಸುಮ್ಮನೆ ಓಡುವ ಕಣ ಬೆಳಕು ಕೊಡುವುದಿಲ್ಲ. ಉಡುಪಿಯ ರಥಬೀದಿಯಲ್ಲಿ ಮಾಮೂಲಿ ದಿನ ಯಾರ ಭುಜಕ್ಕೂ ತಾಗದೆ ನಡೆಯಬಹುದು. ಪರ್ಯಾಯದ ರಾತ್ರಿ ಜನ ಹತ್ತು ಪಟ್ಟಾದರೆ ಭುಜಕ್ಕೆ ಭುಜ ತಾಗುವುದು ಹತ್ತು ಪಟ್ಟಲ್ಲ, ನೂರು ಪಟ್ಟು. ಉಲ್ಟಾ ನೋಡಿ: ಪ್ರಭಾವಳಿಯ ಹೊರಗಡೆ ಅನಿಲ ಹತ್ತನೇ ಒಂದು ಪಾಲಿಗೆ ಇಳಿದರೆ ಬೆಳಕು ನೂರನೇ ಒಂದು ಪಾಲಿಗೆ ಇಳಿಯುತ್ತದೆ. ಅನಿಲದ ಬಹುಪಾಲು ಇರುವುದು ಹೊರಗಿನ ಆ ವಿಶಾಲ ಜಾಗದಲ್ಲಿ. ಬೆಳಕು ಬರುವುದು ಒಳಗಿನ ಸ್ವಲ್ಪದರಿಂದ. ಗಂಟೆಗಟ್ಟಲೆ, ಕೆಲವು ಸಲ ದಿನಗಟ್ಟಲೆ ದಿಟ್ಟಿಸಿ ಒಂದೊಂದೇ ಎಕ್ಸ್‌ರೇ ಕಣ ಎಣಿಸಬೇಕು.

ಬಂದ ಕಣಗಳಾದರೂ ಪ್ರಭಾವಳಿಯವೇ ಎಂದು ಏನು ಗ್ಯಾರಂಟಿ? 1990ರಲ್ಲಿ ಜರ್ಮನಿಯ ರೋಸ್ಯಾಟ್ ಉಪಗ್ರಹ ಚಂದ್ರನ ಎಕ್ಸ್‌ರೇ ಚಿತ್ರ ತೆಗೆಯಿತು. ಬಿಸಿಲು ಬಿದ್ದ ಅರ್ಧ ಬೆಳಗಿತು. ಕತ್ತಲ ಅರ್ಧ ಹಿಂದಿನ ಆಕಾಶವನ್ನು ಮರೆ ಮಾಡಿ ಕಪ್ಪಗೆ ಕಂಡಿತು, ಆದರೆ ಪೂರ್ತಿ ಕಪ್ಪಲ್ಲ. ಅಲ್ಲೂ ಮಂದ ಹೊಳಪು! ಚಂದ್ರನ ಕತ್ತಲ ಭಾಗದಲ್ಲಿ ಹೊಳೆಯುವಂಥದ್ದು ಏನೂ ಇಲ್ಲ. ಅಂದರೆ ಆ ಎಕ್ಸ್‌ರೇ ಹುಟ್ಟಿದ್ದು ಚಂದ್ರನಿಗಿಂತ ಈಚೆ, ನಮ್ಮ ಪಕ್ಕದಲ್ಲೇ. 1996ರಲ್ಲಿ ಹ್ಯಾಕುಟಾಕೆ ಧೂಮಕೇತುವಿನಿಂದಲೂ ಎಕ್ಸ್‌ರೇ ಬಂದಾಗ ಎಲ್ಲರೂ ತಲೆ ಕೆರೆದುಕೊಂಡರು, ಮಂಜುಗಡ್ಡೆಯ ಉಂಡೆಗೆ ಎಕ್ಸ್‌ರೇ ಎಲ್ಲಿಂದ? ಕೊನೆಗೆ ಸಿಕ್ಕಿಬಿದ್ದದ್ದು ಸೂರ್ಯನ ಗಾಳಿ. ಸೂರ್ಯನಿಂದ ಹೊರಟ, ಎಲೆಕ್ಟ್ರಾನ್ ಕಳೆದುಕೊಂಡ ಕಣಗಳು ದಾರಿಯಲ್ಲಿ ಸಿಕ್ಕ ತಣ್ಣನೆಯ ಅನಿಲದಿಂದ ಎಲೆಕ್ಟ್ರಾನ್ ಕಸಿದುಕೊಳ್ಳುತ್ತವೆ, ಕಸಿಯುವಾಗ ಎಕ್ಸ್‌ರೇ ಬಿಡುತ್ತವೆ. ಭೂಮಿಯ ಸುತ್ತಲೂ ಇದು ನಡೆದೇ ಇರುತ್ತದೆ, ಸೂರ್ಯನ ಮರ್ಜಿಯಂತೆ ಏರಿಳಿಯುತ್ತದೆ. ಇದರ ಜೊತೆ ಸೂರ್ಯಮಂಡಲ ಕೂತಿರುವ ಬಿಸಿ ಅನಿಲದ ಗುಳ್ಳೆ, ನಮ್ಮದೇ ಆಕಾಶಗಂಗೆಯ ಪ್ರಭಾವಳಿ, ದೂರದ ಕಪ್ಪುಕುಳಿಗಳ ಬೆಳಕು, ಡಿಟೆಕ್ಟರಿಗೆ, ಅಂದರೆ ಟೆಲಿಸ್ಕೋಪಿನ ಪ್ಲೇಟಿಗೆ, ನೇರ ಬಂದು ಬಡಿಯುವ ಕಾಸ್ಮಿಕ್ ಕಿರಣ. ಇಷ್ಟನ್ನೆಲ್ಲ ಕಳೆದು ಉಳಿದದ್ದು ನಮಗೆ ಬೇಕಾದದ್ದು. ಕಳೆಯುವುದರಲ್ಲಿ ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೆ ಇಲ್ಲದ ಪ್ರಭಾವಳಿ ಹುಟ್ಟುತ್ತದೆ, ಇದ್ದದ್ದು ಮಾಯವಾಗುತ್ತದೆ.

ಹಾಗೆಯೇ ಆಯಿತು. ಕನ್ಯಾ ರಾಶಿಯ ದಿಕ್ಕಿನಲ್ಲಿ ಎನ್‌ಜಿಸಿ 5746 ಎಂಬ ಗ್ಯಾಲಕ್ಸಿ ಇದೆ. ನಮಗೆ ಅಂಚು ಮಾತ್ರ ಕಾಣುವಂತೆ ಮಲಗಿದೆ. ಭಾರವಾದದ್ದು, ಶಾಂತ ಸ್ವಭಾವದ್ದು. ಶಾಂತ ಎನ್ನುವುದು ಇಲ್ಲಿ ಮುಖ್ಯ. ಯಾಕೆಂದರೆ ಎಂ82, ಎನ್‌ಜಿಸಿ 4631ರಂಥ ಗ್ಯಾಲಕ್ಸಿಗಳ ಮೇಲೂ ಬಿಸಿ ಅನಿಲ ಕಂಡಿತ್ತು. ಆದರೆ ಅಲ್ಲಿ ನಕ್ಷತ್ರಗಳು ದಬದಬ ಹುಟ್ಟುತ್ತಿವೆ, ದೊಡ್ಡವು ಸಿಡಿದು ಸಾಯುತ್ತಿವೆ, ಒಳಗಿನ ಅನಿಲವೇ ಕಾದು ಮೇಲಕ್ಕೆ ಉಕ್ಕುತ್ತಿದೆ. ಅದು ದೋಸೆಯಿಂದ ಎದ್ದ ಆವಿ. ಹೊರಗಿನಿಂದ ಬಂದು ಬಿಸಿಯಾದ ಅನಿಲ ಬೇಕಾದರೆ ಒಲೆ ತಣ್ಣಗಿರುವ ಗ್ಯಾಲಕ್ಸಿಯನ್ನೇ ಹುಡುಕಬೇಕು. 2006ರಲ್ಲಿ ಒಂದು ತಂಡ ಚಂದ್ರಾ ಟೆಲಿಸ್ಕೋಪಿನಿಂದ ನೋಡಿ, ಎನ್‌ಜಿಸಿ 5746ರ ಸುತ್ತ ದೊಡ್ಡ ಪ್ರಭಾವಳಿ ಸಿಕ್ಕಿತು ಎಂದು ಪ್ರಕಟಿಸಿತು. ಹುಡುಕಿದ್ದು ಕೊನೆಗೂ ಸಿಕ್ಕಿತು ಎಂದು ಸುದ್ದಿಯಾಯಿತು. 2009ರಲ್ಲಿ ಅದೇ ತಂಡದವರು ಡಿಟೆಕ್ಟರಿನ ಹೊಸ ಕ್ಯಾಲಿಬ್ರೇಷನ್ ಮಾಹಿತಿ (ಅದರ ಅಳತೆ ಎಲ್ಲೆಲ್ಲಿ ಎಷ್ಟು ತಪ್ಪುತ್ತದೆ ಎಂಬ ಲೆಕ್ಕ) ಇಟ್ಟುಕೊಂಡು ಅದೇ ಚಿತ್ರವನ್ನು ಮತ್ತೆ ಲೆಕ್ಕ ಹಾಕಿದರು. ಪ್ರಭಾವಳಿ ಇರಲಿಲ್ಲ! ನಾವು ಮೊದಲು ಹೇಳಿದ್ದು ಸರಿಯಲ್ಲ ಎಂದು ಪ್ರಬಂಧದ ಸಾರಾಂಶದಲ್ಲೇ ಬರೆದರು. ಜೊತೆಗೆ ಎನ್‌ಜಿಸಿ 5170 ಎಂಬ ಇನ್ನೊಂದನ್ನೂ ನೋಡಿದ್ದರು, ಅಲ್ಲೂ ತಟ್ಟೆಯಿಂದಾಚೆ ಏನೂ ಕಾಣಲಿಲ್ಲ.

ಬೆಂಚಿನಲ್ಲಿ ಕೂತು ನಾನು ಓದುತ್ತಿದ್ದದ್ದು ಇದನ್ನೇ. ದೊಡ್ಡಮ್ಮನಿಗೆ ಹೇಳಿದೆ. "ಹಾಗಾದರೆ ಅಲ್ಲಿ ಎಂತದೂ ಇಲ್ವಾ?" ಎಂದರು. ಹಾಗಲ್ಲ, ಇದ್ದರೂ ಇಷ್ಟಕ್ಕಿಂತ ಜಾಸ್ತಿ ಇರಲಾರದು ಅಂತ ಅಷ್ಟೇ ಗೊತ್ತು ಎಂದೆ. "ನನ್ನ ಕೈಯದ್ದೂ ಅದೇ ಕಥೆ. ಮೂಳೆ ಮುರಿದದ್ದು ಕಾಣುವುದಿಲ್ಲವಂತೆ. ನೋವು ಉಂಟಲ್ಲ!" ಮೇಲ್ಮಿತಿ ಎಂಬುದನ್ನು ಇದಕ್ಕಿಂತ ಚೆನ್ನಾಗಿ ವಿವರಿಸಿದವರನ್ನು ನಾನು ಕಂಡಿಲ್ಲ. ವಿಜ್ಞಾನಿಗಳೂ ಆ ಮಿತಿಯನ್ನು ಸುಮ್ಮನೆ ಬಿಡಲಿಲ್ಲ. ಗ್ಯಾಲಕ್ಸಿ ಹೇಗೆ ಹುಟ್ಟುತ್ತದೆ ಎಂದು ಕಂಪ್ಯೂಟರಿನಲ್ಲಿ ಕಟ್ಟಿದ ಮಾದರಿಗಳ ಜೊತೆ ಹೋಲಿಸಿದರು. ಅದೇ ಹೊತ್ತಿಗೆ ಇನ್ನೂ ನುಣುಪಾಗಿ ಲೆಕ್ಕ ಹಾಕಿದ ಹೊಸ ಮಾದರಿಗಳು ಆಕಾಶಗಂಗೆಯಂಥದ್ದರ ಪ್ರಭಾವಳಿಯ ಹೊಳಪು ಹಿಂದೆ ಅಂದುಕೊಂಡದ್ದರ ಅರ್ಧದಷ್ಟೇ ಎನ್ನುತ್ತಿದ್ದವು. ಕಾಣದೇ ಇದ್ದದ್ದಕ್ಕೂ ಮಾದರಿಗೂ ಜಗಳ ಇರಲಿಲ್ಲ.

ಪರಿಹಾರ ಸರಳ: ಇನ್ನೂ ಭಾರದ ಗ್ಯಾಲಕ್ಸಿ ಹುಡುಕಿ. ತೀರ ಭಾರವಾದ ತಟ್ಟೆ ಗ್ಯಾಲಕ್ಸಿಗಳು ಅಪರೂಪ, ಆದರೆ ಇವೆ. 2011ರಿಂದ 2013ರೊಳಗೆ ಎನ್‌ಜಿಸಿ 1961, ಯುಜಿಸಿ 12591 (ನಮ್ಮ ಕಾಲೇಜುಗಳನ್ನು ಕಾಡುವ ಯುಜಿಸಿ ಅಲ್ಲ, ಇದು ಗ್ಯಾಲಕ್ಸಿಗಳ ಪಟ್ಟಿ), ಎನ್‌ಜಿಸಿ 6753 ಹೀಗೆ ಒಂದೊಂದಾಗಿ ಪ್ರಭಾವಳಿ ತೋರಿಸಿದವು. ಯುಜಿಸಿ 12591 ಸೆಕೆಂಡಿಗೆ 500 ಕಿಲೋಮೀಟರ್ ಹತ್ತಿರದ ವೇಗದಲ್ಲಿ ಸುತ್ತುತ್ತದೆ, ನಮ್ಮ ಗ್ಯಾಲಕ್ಸಿಯ ಎರಡು ಪಟ್ಟಿಗೂ ಜಾಸ್ತಿ. ಎನ್‌ಜಿಸಿ 1961 ಮತ್ತು 6753ರಲ್ಲಿ ಎಕ್ಸ್‌ರೇ ಹೊಳಪನ್ನು ಕೇಂದ್ರದಿಂದ ಸುಮಾರು 2 ಲಕ್ಷ ಜ್ಯೋತಿರ್ವರ್ಷದ ತನಕ ಹಿಂಬಾಲಿಸಿದರು. ಅದರಾಚೆಗೆ ಎಂದಿನಂತೆ ಮಬ್ಬು. ಕಂಡಷ್ಟರಿಂದ ಕಾಣದ್ದನ್ನು ಅಂದಾಜು ಮಾಡಿ ಕೂಡಿಸಿದರೂ ಕಾಣೆಯಾದ ದ್ರವ್ಯದ ಲೆಕ್ಕ ಪೂರ್ತಿ ತುಂಬಲಿಲ್ಲ.

ಈಗ, ಶುರುವಿನಲ್ಲಿ ಆಮೇಲೆ ಹೇಳುತ್ತೇನೆ ಎಂದಿದ್ದ ಆ ಅಪವಾದ. ನಮ್ಮದೇ ಪ್ರಭಾವಳಿಯೊಳಗೆ ನಾವು ಕೂತಿದ್ದೇವೆ. ಒಳಗಿದ್ದುಕೊಂಡು ನೋಡಲು ಆಸ್ಪತ್ರೆಯ ವಿಧಾನವೇ ಬೇಕು, ಅಂದರೆ ನೆರಳು. ಬಹಳ ದೂರದ ಗ್ಯಾಲಕ್ಸಿಗಳ ಕೇಂದ್ರದಲ್ಲಿ ಉರಿಯುವ ಪ್ರಖರ ಎಕ್ಸ್‌ರೇ ಮೂಲಗಳೇ ಯಂತ್ರ, ಚಂದ್ರಾ ಪ್ಲೇಟು, ನಡುವಿನ ಪ್ರಭಾವಳಿ ಕೈ. ಆಮ್ಲಜನಕದ ಪರಮಾಣುವಿಗೆ ಎಂಟು ಎಲೆಕ್ಟ್ರಾನ್. ಇಷ್ಟು ಬಿಸಿಯಲ್ಲಿ ಆರೋ ಏಳೋ ಉದುರಿ ಹೋಗಿರುತ್ತವೆ. ಉಳಿದ ಒಂದೆರಡು ಗೊತ್ತಾದ ಶಕ್ತಿಯ ಎಕ್ಸ್‌ರೇಯನ್ನು ಮಾತ್ರ ಕಚ್ಚಿಕೊಳ್ಳುತ್ತವೆ. ಬರುವ ಬೆಳಕಿನಲ್ಲಿ ಅಲ್ಲೊಂದು ಕಚ್ಚು ಬೀಳುತ್ತದೆ. 2012ರಲ್ಲಿ ಅಂಜಲಿ ಗುಪ್ತಾ, ಸ್ಮಿತಾ ಮಾಥುರ್ ಮತ್ತು ಜೊತೆಗಾರರು ಎಂಟು ದಿಕ್ಕಿನ ಎಂಟು ಮೂಲಗಳಲ್ಲಿ ಈ ಕಚ್ಚು ನೋಡಿ ಲೆಕ್ಕ ಹಾಕಿದರು. ಉಷ್ಣತೆ 10ರಿಂದ 25 ಲಕ್ಷ ಡಿಗ್ರಿ, ವಿಸ್ತಾರ ಕೆಲವು ಲಕ್ಷ ಜ್ಯೋತಿರ್ವರ್ಷ, ತೂಕ ಕನಿಷ್ಠ ಸಾವಿರ ಕೋಟಿ ಸೂರ್ಯರಷ್ಟು, ಆರು ಸಾವಿರ ಕೋಟಿವರೆಗೂ ಹೋಗಬಹುದು. ಇದು ಗ್ಯಾಲಕ್ಸಿಯ ನಕ್ಷತ್ರಗಳ ಒಟ್ಟು ತೂಕಕ್ಕೆ ಸಮಸಮ. ಕೇಳಲು ಚೆನ್ನಾಗಿದೆ. ಆದರೆ ನೆರಳು ನೋಡಿ ಕೈಯ ದಪ್ಪ ಹೇಳುವಾಗ ಒಂದು ಊಹೆ ಸೇರಿಕೊಂಡಿರುತ್ತದೆ, ಒಳಗೆ ಎಲ್ಲ ಕಡೆ ಒಂದೇ ಹದ ಇದೆ ಎಂಬುದು. 2018ರಲ್ಲಿ ಹಾರಿದ ಹಾಲೋಸ್ಯಾಟ್ ಎಂಬ ಪುಟ್ಟ ಉಪಗ್ರಹ ಆಕಾಶವನ್ನು ಜಾಲಾಡಿದಾಗ ಹೊಳಪು ತಟ್ಟೆಗೆ ಅಂಟಿಕೊಂಡಂತೆ, ಅಲ್ಲಲ್ಲಿ ಮುದ್ದೆಮುದ್ದೆಯಾಗಿ ಕಂಡಿತು. ಹೊರಗಿನ ತೆಳು ಅನಿಲ ಬೇರೆ, ಬುಡದ ದಟ್ಟ ಅನಿಲ ಬೇರೆ ಇರಬೇಕು. ಎರಡನ್ನೂ ಒಂದೇ ಪಾತ್ರೆಗೆ ಹಾಕಿ ತೂಗಿದರೆ ತೂಕ ತಪ್ಪುತ್ತದೆ. ಆರು ಸಾವಿರ ಕೋಟಿಯನ್ನು ನಾನಂತೂ ಅನುಮಾನದಿಂದಲೇ ಓದುತ್ತೇನೆ.

ಆಕಾಶಗಂಗೆಯಷ್ಟೇ ಭಾರದ ಬೇರೆ ಗ್ಯಾಲಕ್ಸಿಗಳ ಕಥೆ? ಒಂಟಿಯಾಗಿ ನೋಡಿದರೆ ಮಬ್ಬು. ಅದಕ್ಕೊಂದು ಉಪಾಯ ಬಂತು. 2019ರ ಜುಲೈ 13ರಂದು ಹಾರಿದ ಜರ್ಮನಿಯ ಇರೋಸಿಟಾ ಟೆಲಿಸ್ಕೋಪ್ ಆರಾರು ತಿಂಗಳಿಗೊಮ್ಮೆ ಇಡೀ ಆಕಾಶ ಗುಡಿಸುತ್ತಿತ್ತು. ಇದ್ದದ್ದು ರಷ್ಯಾದ ನೌಕೆಯ ಮೇಲೆ. ಉಕ್ರೇನ್ ಯುದ್ಧ ಶುರುವಾದ ಮೇಲೆ 2022ರ ಫೆಬ್ರವರಿಯಲ್ಲಿ ಅದನ್ನು ಮಲಗಿಸಿದರು. ಅಷ್ಟರೊಳಗೆ ನಾಲ್ಕು ಸುತ್ತು ಮುಗಿದಿತ್ತು. ಆ ಚಿತ್ರಗಳಿಂದ ಒಂದೇ ತೂಕದ ಸಾವಿರಾರು ಗ್ಯಾಲಕ್ಸಿಗಳನ್ನು ಕತ್ತರಿಸಿ ಒಂದರ ಮೇಲೊಂದು ಪೇರಿಸಿದರು. ಒಂದರಲ್ಲಿ ಒಂದೂ ಸಿಗದ ಎಕ್ಸ್‌ರೇ ಕಣ, ಸಾವಿರದಲ್ಲಿ ಸಾಕಷ್ಟು ಸಿಗುತ್ತದೆ. 2024ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಆಕಾಶಗಂಗೆಯಷ್ಟು ತೂಕದವುಗಳ ಸುತ್ತಲೂ ಪ್ರಭಾವಳಿಯ ಅಂಚಿನ ತನಕ ಹೊಳಪು ಕಂಡಿತು. ಸ್ಪಿಟ್ಜರ್ ಹೇಳಿ 68 ವರ್ಷ ಆಗಿತ್ತು. ಆದರೂ ಇದು ಸರಾಸರಿ ಮುಖ. ಶಾಲೆಯ ಎಲ್ಲ ಮಕ್ಕಳ ಫೋಟೋ ಒಂದರ ಮೇಲೊಂದು ಇಟ್ಟರೆ ಯಾವ ಮಗುವಿನದೂ ಅಲ್ಲದ ಒಂದು ಮುಖ ಬರುತ್ತದಲ್ಲ, ಹಾಗೆ. ತಟ್ಟೆಯಂಥವೂ ಉಂಡೆಯಂಥವೂ ಅದರಲ್ಲಿ ಬೆರೆತಿವೆ. ನಾಲ್ಕಾರು ಹೊಳೆಯುವ ಮುಖಗಳು ಮಿಕ್ಕವರ ಪರವಾಗಿ ಮಾತಾಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಳ್ಳುವುದೇ ಒಂದು ಕೆಲಸ.

ಇನ್ನು ಉಳಿದಿರುವುದು ಅನಿಲದ ಓಡಾಟ. ಬರುತ್ತಿದೆಯೋ, ಹೋಗುತ್ತಿದೆಯೋ? ಆಮ್ಲಜನಕ ಗೊತ್ತಾದ ಶಕ್ತಿಗಳಲ್ಲಿ ಮೂಡಿಸುವ ಗೆರೆಗಳು ಅತ್ತಿತ್ತ ಎಷ್ಟು ಜರುಗಿವೆ ಎಂದು ನೋಡಿದರೆ ಗೊತ್ತಾಗುತ್ತದೆ, ಆದರೆ ಜರುಗುವುದು ಎಳ್ಳಷ್ಟು. 2023ರ ಸೆಪ್ಟೆಂಬರಿನಲ್ಲಿ ಜಪಾನ್ ಹಾರಿಸಿದ ಎಕ್ಸ್‌ರಿಸಂನಲ್ಲಿ ಅಂಥ ಸೂಕ್ಷ್ಮ ಉಪಕರಣ ಇದೆ. ಹೊರಡುವಾಗ ಅದನ್ನು ಕಾಪಾಡಲು ಮುಂದೆ ಒಂದು ಮುಚ್ಚಳ ಹಾಕಿದ್ದರು. ಬಾಹ್ಯಾಕಾಶ ಮುಟ್ಟಿದ ಮೇಲೆ ಅದು ತೆರೆದುಕೊಳ್ಳಬೇಕಿತ್ತು. ಎಷ್ಟು ಪ್ರಯತ್ನ ಪಟ್ಟರೂ, ಮಳೆಗಾಲದಲ್ಲಿ ಹಿಡಿದುಕೊಂಡ ಉಪ್ಪಿನಕಾಯಿ ಭರಣಿಯ ಹಾಗೆ, ತೆರೆಯಲಿಲ್ಲ. ಮುಚ್ಚಳದಲ್ಲಿ ಬೆರಿಲಿಯಂನ ಒಂದು ಕಿಟಕಿ ಇದೆ, ಅದರ ಮೂಲಕ ಹೆಚ್ಚು ಶಕ್ತಿಯ ಎಕ್ಸ್‌ರೇ ಒಳಗೆ ಬರುತ್ತದೆ, ಅದರಲ್ಲೇ ಒಳ್ಳೊಳ್ಳೆ ಕೆಲಸ ನಡೆಯುತ್ತಿದೆ. ಆಮ್ಲಜನಕದ ಗೆರೆಗಳದ್ದು ಕಡಿಮೆ ಶಕ್ತಿ. ಅವು ಮುಚ್ಚಳದ ಆಚೆಗೇ ನಿಂತಿವೆ.